ಹಳೆಯ ಆಟಗಳ ಹಂಬಲ

ಹಳೆಯದನ್ನು ನೆನೆದು ಹಂಬಲಿಸುವುದು ಮನುಷ್ಯನಿಗೆ ಸಹಜವಾದ ಸ್ವಭಾವ. ಚೌಕಾಬಾರ, ಅಳಿಗುಳಿಮಣೆ, ಲಗೋರಿ ಎಂಬ ಹೆಸರುಗಳನ್ನು ಕೇಳಿದೊಡನೆ ನಮ್ಮ ವಯಸ್ಸಿನವರ ಮುಖ ಅರಳುತ್ತದೆ. ನಮಗಿಂತ ಇಪ್ಪತ್ತು ವರ್ಷ ಚಿಕ್ಕವರಾದವರ ಮುಖ ಅರಳುವುದು ಬೇರೆಯ ಹೆಸರುಗಳಿಗೆ. ಅವು ಅಂಗಳದಲ್ಲಿ ಆಡಿದ ಆಟಗಳ ಹೆಸರುಗಳಲ್ಲ. ಗಣಕಯಂತ್ರದ ತೆರೆಯ ಮೇಲೆ ಆಡಿದ ಆಟಗಳ ಹೆಸರುಗಳು.

ಕಳೆದ ದಸರೆಯ ರಜೆಯಲ್ಲಿ ನಾನು ನನ್ನ ಅಕ್ಕನ ಮಗನ ಮನೆಗೆ ಹೋಗಿದ್ದೆ. ಅವನು ನಲವತ್ತೈದು ದಾಟಿದ ಗೃಹಸ್ಥ, ಹೊಣೆಗಾರಿಕೆಯ ಕೆಲಸದಲ್ಲಿರುವವನು. ರಾತ್ರಿ ಊಟವಾದ ಮೇಲೆ ಅವನು ಗಣಕದ ಮುಂದೆ ಕುಳಿತು ‘ಪ್ರಿನ್ಸ್ ಆಫ್ ಪರ್ಷಿಯ’ ಎಂಬ ಹಳೆಯ ಆಟವನ್ನು ಆಡತೊಡಗಿದನು. ಬಿಳಿಯ ಉಡುಪಿನ ಪುಟ್ಟ ಯುವಕನೊಬ್ಬ ಸೆರೆಮನೆಯ ಕತ್ತಲೆಯಲ್ಲಿ ಓಡುತ್ತಿದ್ದ, ಕಂದಕಗಳನ್ನು ಹಾರುತ್ತಿದ್ದ, ಮೊನಚಾದ ಮುಳ್ಳುಗಳ ಮೇಲೆ ಬಿದ್ದು ಸಾಯುತ್ತಿದ್ದ, ಮರುಕ್ಷಣದಲ್ಲಿ ಮತ್ತೆ ಮೊದಲಿನಿಂದ ಓಡುತ್ತಿದ್ದ. ಒಂಬತ್ತನೆಯ ತರಗತಿಯಲ್ಲಿ ಓದುವ ಅವನ ಮಗಳು ಸ್ವಲ್ಪ ಹೊತ್ತು ನೋಡುತ್ತ ನಿಂತು, “ಅಪ್ಪಾ, ಇದರಲ್ಲಿ ಏನಿದೆ ಎಂದು ಇಷ್ಟು ಹೊತ್ತು ಕುಳಿತಿದ್ದೀರಿ? ನನ್ನ ಮೊಬೈಲಿನಲ್ಲಿ ಇದಕ್ಕಿಂತ ಎಷ್ಟೋ ಚೆನ್ನಾಗಿರುವ ಆಟಗಳಿವೆ” ಎಂದಳು. ಅವನು ನಕ್ಕು, “ಅದು ನಿನಗೆ ತಿಳಿಯುವುದಿಲ್ಲ, ಬಿಡಮ್ಮ” ಎಂದನು.

ಆ ಉತ್ತರ ನನಗೆ ಸಮಾಧಾನ ತರಲಿಲ್ಲ. ಹಳೆಯದನ್ನು ಮೆಚ್ಚುವವರು ತಮ್ಮ ಮೆಚ್ಚಿಕೆಗೆ ಕಾರಣವನ್ನು ಹೇಳಲಾರದೆ ಹೋದರೆ ಕಿರಿಯರು ಅದನ್ನು ಏಕೆ ಮೆಚ್ಚಬೇಕು? ಕಾರಣವನ್ನು ಹೇಳದ ಹಂಬಲವು ಹಂಬಲಿಸಿದವನೊಡನೆಯೇ ಮುಗಿದುಹೋಗುತ್ತದೆ. ಆ ಹುಡುಗಿಯ ಪ್ರಶ್ನೆಗೆ ತಕ್ಕ ಉತ್ತರ ಯಾವುದು ಎಂದು ನಾನು ಬಹಳ ದಿನ ಯೋಚಿಸಿದೆ. ಆ ಯೋಚನೆಯ ಫಲವೇ ಈ ಬರಹ.

ಅಕ್ಕನ ಮಗನ ಹಂಬಲಕ್ಕೆ ಒಂದು ಹಿನ್ನೆಲೆಯುಂಟು. ನಮ್ಮ ದೇಶದ ಶಾಲೆಗಳಿಗೆ ಗಣಕಯಂತ್ರಗಳು ಬಂದುದು ಈಚಿನ ಸಂಗತಿ. 1984ರಲ್ಲಿ ಕೇಂದ್ರ ಸರ್ಕಾರವು ‘ಕ್ಲಾಸ್’ ಎಂಬ ಯೋಜನೆಯನ್ನು ಆರಂಭಿಸಿ, ಬ್ರಿಟನ್ನಿನ ‘ಬಿ.ಬಿ.ಸಿ. ಮೈಕ್ರೊ’ ಎಂಬ ಗಣಕಗಳನ್ನು ಆಯ್ದ ಕೆಲವು ಶಾಲೆಗಳಿಗೆ ಕೊಟ್ಟಿತು. ಮುಂದೆ 1990ರ ದಶಕದಲ್ಲಿ ಸಣ್ಣ ಊರುಗಳಲ್ಲಿಯೂ ಗಣಕ ತರಬೇತಿ ಕೇಂದ್ರಗಳು ತಲೆಯೆತ್ತಿದವು. ಅಲ್ಲಿ ವರ್ಡ್‌ಸ್ಟಾರ್, ಲೋಟಸ್, ಡಿಬೇಸ್ ಎಂಬ ತಂತ್ರಾಂಶಗಳನ್ನು ಕಲಿಸುತ್ತಿದ್ದರು. ಗಣಕವಿದ್ದ ಕೋಣೆಗೆ ಹೋಗುವಾಗ ದೇವರ ಮನೆಗೆ ಹೋಗುವಂತೆ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಡಬೇಕಾಗಿತ್ತು. ಒಂದು ಯಂತ್ರದ ಮುಂದೆ ಇಬ್ಬರು ಮೂವರು ಒತ್ತಿಕೊಂಡು ಕೂಡುತ್ತಿದ್ದರು. ಪಾಠ ಬೇಗ ಮುಗಿದ ದಿನ ಕಲಿಸುವವರು ಕರುಣೆಯಿಂದ ಹತ್ತು ನಿಮಿಷ ಆಡಲು ಬಿಡುತ್ತಿದ್ದರು. ಆ ಹತ್ತು ನಿಮಿಷಗಳ ರುಚಿ ಇಂದಿಗೂ ಅವರ ನಾಲಗೆಯ ಮೇಲಿದೆ.

ಈ ಹಂಬಲದ ಬಹುಪಾಲು ಆಟದ ಮೇಲಿನದಲ್ಲ, ಕಳೆದುಹೋದ ಬಾಲ್ಯದ ಮೇಲಿನದು ಎಂದು ಯಾರಾದರೂ ಹೇಳಿದರೆ ಅದನ್ನು ಅಲ್ಲಗಳೆಯುವಂತಿಲ್ಲ. ಆ ಕಾಲದ ತಂತ್ರಾಂಶಗಳಲ್ಲಿ ತೊಡಕುಗಳು ಬೇಕಾದಷ್ಟಿದ್ದವು. ಪ್ರತಿಯೊಂದು ಕೆಲಸಕ್ಕೂ ಆದೇಶಗಳನ್ನು ಬಾಯಿಪಾಠ ಮಾಡಬೇಕಾಗಿತ್ತು. ನಡುವೆ ವಿದ್ಯುತ್ತು ಹೋದರೆ ಅದುವರೆಗೆ ಬರೆದು ಉಳಿಸದಿದ್ದುದೆಲ್ಲ ಮಾಯವಾಗುತ್ತಿತ್ತು. ಹಳೆಯದೆಂಬ ಒಂದೇ ಕಾರಣಕ್ಕೆ ಯಾವುದೂ ಹೊನ್ನಾಗುವುದಿಲ್ಲ. ಆದರೆ ಈ ಹಂಬಲದಿಂದ ಬಾಲ್ಯದ ಪಾಲನ್ನು ಕಳೆದ ಮೇಲೆಯೂ ಉಳಿಯುವ ಶೇಷವೊಂದಿದೆ. ನಾವು ವಿಚಾರ ಮಾಡಬೇಕಾದುದು ಆ ಶೇಷವನ್ನು ಕುರಿತು.

ಮೊದಲಿಗೆ ‘ಟೆಟ್ರಿಸ್’ ಎಂಬ ಆಟವನ್ನು ತೆಗೆದುಕೊಳ್ಳೋಣ. 1984ರಲ್ಲಿ ಮಾಸ್ಕೋ ನಗರದಲ್ಲಿ, ಸೋವಿಯತ್ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿ ಕೆಲಸಮಾಡುತ್ತಿದ್ದ ಅಲೆಕ್ಸಿ ಪಜಿಟ್ನೋವ್ ಇದನ್ನು ರಚಿಸಿದರು. ಅವರ ಮುಂದಿದ್ದ ‘ಎಲೆಕ್ಟ್ರೋನಿಕ 60’ ಎಂಬ ಯಂತ್ರಕ್ಕೆ ಚಿತ್ರ ಬಿಡಿಸುವ ಶಕ್ತಿಯೇ ಇರಲಿಲ್ಲ; ಅಕ್ಷರಗಳನ್ನೂ ಚಿಹ್ನೆಗಳನ್ನೂ ಮಾತ್ರ ಅದು ತೋರಿಸಬಲ್ಲದಾಗಿತ್ತು. ಪಜಿಟ್ನೋವ್ ಕೈಚೆಲ್ಲಿ ಕೂಡಲಿಲ್ಲ. ಎರಡು ಆವರಣ ಚಿಹ್ನೆಗಳನ್ನು ಒತ್ತಟ್ಟಿಗೆ ಇಟ್ಟು ಅದನ್ನೇ ಒಂದು ಚೌಕವೆಂದು ಎಣಿಸಿದರು. ಅಂಥ ನಾಲ್ಕು ಚೌಕಗಳನ್ನು ಜೋಡಿಸಿದಾಗ ಆಗುವ ಏಳು ಆಕಾರಗಳು ಮೇಲಿನಿಂದ ಬೀಳುತ್ತವೆ. ಅವು ಸಂದಿಲ್ಲದೆ ಸಾಲಾಗುವಂತೆ ಆಡುವವನು ತಿರುಗಿಸಿ ಕೂರಿಸಬೇಕು. ಇಷ್ಟೇ ಆಟ. ಇದರಲ್ಲಿ ಕಥೆಯಿಲ್ಲ, ವೇಷವಿಲ್ಲ, ಮಾತಿಲ್ಲ. ಆದರೂ ಭಾಷೆ ದೇಶಗಳ ಗಡಿಗಳನ್ನು ದಾಟಿ ಅದು ಲೋಕವನ್ನೆಲ್ಲ ಸುತ್ತಿಬಂದಿತು.

‘ಸ್ಪೇಸ್ ಇನ್ವೇಡರ್ಸ್’ ಎಂಬ ಆಟದ ಕಥೆಯೂ ಸ್ವಾರಸ್ಯವಾಗಿದೆ. ಅದನ್ನು 1978ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾಡೊ ರೂಪಿಸಿದರು. ಆಕಾಶದಿಂದ ಐವತ್ತೈದು ಶತ್ರುಗಳು ಸಾಲುಸಾಲಾಗಿ ಇಳಿದುಬರುತ್ತಾರೆ. ಅಂದಿನ ಗಣಕಕ್ಕೆ ಅಷ್ಟು ಆಕೃತಿಗಳನ್ನು ಬಿಡಿಸುವುದೇ ಭಾರವಾಗಿ, ಅವು ನಿಧಾನವಾಗಿ ಚಲಿಸುತ್ತಿದ್ದವು. ಆಡುವವನು ಒಬ್ಬೊಬ್ಬ ಶತ್ರುವನ್ನು ಹೊಡೆದುರುಳಿಸಿದಂತೆಲ್ಲ ಯಂತ್ರದ ಹೊರೆ ಹಗುರಾಗಿ, ಉಳಿದವರು ಹೆಚ್ಚು ಹೆಚ್ಚು ವೇಗವಾಗಿ ನುಗ್ಗುತ್ತಿದ್ದರು. ಇದು ಯಂತ್ರದ ಕೊರತೆ. ನಿಶಿಕಾಡೊ ಅದನ್ನು ತಿದ್ದಬಹುದಾಗಿತ್ತು, ತಿದ್ದಲಿಲ್ಲ. ಗೆಲುವು ಹತ್ತಿರವಾದಷ್ಟೂ ಅಪಾಯವೂ ಹೆಚ್ಚುವ ಈ ಗುಣವೇ ಆಟದ ಜೀವವೆಂದು ಅವರು ಕಂಡುಕೊಂಡರು.

ಇನ್ನು ನಮ್ಮ ರಾಜಕುಮಾರನ ಆಟಕ್ಕೆ ಬರೋಣ. ಇದನ್ನು ಅಮೆರಿಕದ ಜೋರ್ಡನ್ ಮೆಕ್ನರ್ ಎಂಬ ತರುಣರು ‘ಆ್ಯಪಲ್ 2’ ಎಂಬ ಗಣಕಕ್ಕಾಗಿ ರಚಿಸಿ 1989ರಲ್ಲಿ ಹೊರತಂದರು. ರಾಜಕುಮಾರನ ನಡೆ ಸಹಜವಾಗಿರಬೇಕೆಂದು ಅವರು ತಮ್ಮ ಡೇವಿಡ್ ಓಡುವುದನ್ನೂ ಜಿಗಿಯುವುದನ್ನೂ ವಿಡಿಯೊದಲ್ಲಿ ಸೆರೆಹಿಡಿದು, ಅದರ ಒಂದೊಂದು ಚಿತ್ರವನ್ನೂ ಅನುಸರಿಸಿ ರೇಖೆಗಳನ್ನು ಬಿಡಿಸಿದರು. ಈ ಚಿತ್ರಗಳಿಂದಲೇ ಗಣಕದ ಸ್ಮೃತಿ ತುಂಬಿಹೋಯಿತು. ನಾಯಕನಿಗೆ ಒಬ್ಬ ಎದುರಾಳಿ ಬೇಕು. ಆದರೆ ಅವನ ಚಿತ್ರಗಳನ್ನು ಇರಿಸಲು ಸ್ಥಳವಿಲ್ಲ. ಕೊನೆಗೆ ಅವರು ರಾಜಕುಮಾರನ ಚಿತ್ರಗಳನ್ನೇ ಗಣಿತದ ಒಂದು ಸಣ್ಣ ಉಪಾಯದಿಂದ ಮಾರ್ಪಡಿಸಿ, ಮಿನುಗುವ ನೆರಳಿನಂಥ ಆಕೃತಿಯೊಂದನ್ನು ಪಡೆದರು. ಆಟದ ನಡುವೆ ರಾಜಕುಮಾರ ಮಾಯಾಕನ್ನಡಿಯೊಂದನ್ನು ತೂರಿ ಹಾರಿದಾಗ ಈ ನೆರಳು ಅವನಿಂದ ಬೇರ್ಪಟ್ಟು ಓಡಿಹೋಗುತ್ತದೆ. ಮುಂದೆ ಖಡ್ಗ ಹಿಡಿದು ಅವನಿಗೆ ಎದುರಾಗುತ್ತದೆ. ನೆರಳಿಗೆ ಕೊಟ್ಟ ಪೆಟ್ಟು ರಾಜಕುಮಾರನಿಗೇ ತಗಲುತ್ತದೆ. ಖಡ್ಗವನ್ನು ಒರೆಗೆ ಸೇರಿಸಿ ಮುಂದೆ ನಡೆದರೆ ಮಾತ್ರ ಇಬ್ಬರೂ ಒಂದಾಗುತ್ತಾರೆ. ತನ್ನೊಡನೆ ತಾನೇ ಹೋರಾಡಿ ಗೆಲ್ಲುವವರಿಲ್ಲ ಎಂಬ ಮಾತನ್ನು ಇದಕ್ಕಿಂತ ಸರಳವಾಗಿ ಹೇಳುವುದು ಕಷ್ಟ. ಈ ಮಾತು ಹುಟ್ಟಿದುದು ಯಂತ್ರದ ಬಡತನದಿಂದ.

ಬರವಣಿಗೆಯ ತಂತ್ರಾಂಶಗಳ ವಿಷಯದಲ್ಲಿಯೂ ಇಂಥ ಗುಣವನ್ನು ಕಾಣಬಹುದು. ಅಮೆರಿಕದ ಹೆಸರಾಂತ ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್ ತಾವು ಹಳೆಯ ವರ್ಡ್‌ಸ್ಟಾರ್‌ನಲ್ಲಿಯೇ ಬರೆಯುವುದಾಗಿ 2014ರಲ್ಲಿ ಹೇಳಿದರು. ತಾವು ಬರೆದುದನ್ನು ತಾನಾಗಿ ತಿದ್ದಹೋಗುವ ಹೊಸ ತಂತ್ರಾಂಶಗಳಿಗಿಂತ, ಹೇಳಿದಷ್ಟನ್ನೇ ಮಾಡುವ ಹಳೆಯದು ಅವರಿಗೆ ಹಿತವೆನಿಸಿತು. ಹೊಸದಾದುದೆಲ್ಲವೂ ಎಲ್ಲರಿಗೂ ಎಲ್ಲ ಕೆಲಸಕ್ಕೂ ಮೇಲಾಗಿರುವುದಿಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ಆದುದರಿಂದ ಒಳ್ಳೆಯ ಹಳೆಯ ಆಟವೊಂದು ಒಳ್ಳೆಯ ಕೈಗಡಿಯಾರದಂತೆ, ಒಳ್ಳೆಯ ಪದ್ಯದಂತೆ, ಮನುಷ್ಯನ ಜಾಣತನದ ಒಂದು ಕೃತಿ ಎಂದು ನಾನು ಭಾವಿಸುತ್ತೇನೆ. ಹಾಗಾದರೆ ಈ ಕೃತಿಗಳು ಇಂದು ಎಲ್ಲಿವೆ? ಇಲ್ಲಿಂದ ಹಂಬಲದ ಮಾತು ಮುಗಿದು ಹೊಣೆಯ ಮಾತು ಆರಂಭವಾಗುತ್ತದೆ.

ಪುಸ್ತಕವನ್ನು ಓದಲು ಕಣ್ಣು, ಬೆಳಕು, ಅಕ್ಷರಜ್ಞಾನ ಇವಿಷ್ಟು ಸಾಕು. ತಂತ್ರಾಂಶದ ಸ್ಥಿತಿ ಹಾಗಲ್ಲ. ಅದನ್ನು ಬರೆದಿಟ್ಟ ಫ್ಲಾಪಿ ಕೆಡದೆ ಉಳಿದಿರಬೇಕು. ಆ ಫ್ಲಾಪಿಯನ್ನು ಓದುವ ಸಾಧನ ದೊರೆಯಬೇಕು. ಆ ತಂತ್ರಾಂಶವನ್ನು ನಡೆಸಬಲ್ಲ ಗಣಕ ಇರಬೇಕು. ಆ ಗಣಕವನ್ನು ನಡೆಸುವ ಮೂಲ ವ್ಯವಸ್ಥೆಯೂ ಇರಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಉಳಿದವುಗಳಿಂದ ಪ್ರಯೋಜನವಿಲ್ಲ. ಫ್ಲಾಪಿಯಲ್ಲಿ ಮಾಹಿತಿಯು ಕಾಂತಶಕ್ತಿಯ ಗುರುತುಗಳಾಗಿ ನಿಂತಿರುತ್ತದೆ. ತೇವ, ಬೂಷ್ಟು, ಬಿಸಿಲು, ಕಾಲ ಇವೆಲ್ಲವೂ ಆ ಗುರುತುಗಳ ಶತ್ರುಗಳು.

ಸ್ವತಃ ಮೆಕ್ನರ್ ಅವರಿಗೇ ಇದರ ಅನುಭವವಾಯಿತು. ಆಟವನ್ನು ರಚಿಸುವಾಗ ಬರೆದ ಆದೇಶಗಳ ಮೂಲರೂಪಕ್ಕೆ ‘ಸೋರ್ಸ್ ಕೋಡ್’ ಎಂದು ಹೆಸರು. ಅಡುಗೆಗೆ ಪಾಕವಿಧಾನ ಹೇಗೋ ತಂತ್ರಾಂಶಕ್ಕೆ ಅದು ಹಾಗೆ. ಲೋಕಪ್ರಸಿದ್ಧವಾದ ಆ ಆಟದ ಮೂಲಪಾಠ ಅದರ ಕರ್ತೃವಿಗೇ ಸಿಕ್ಕದಂತಾಗಿತ್ತು. ಬಹುಕಾಲ ಹುಡುಕಿ ಅವರು ಆಸೆ ಬಿಟ್ಟಿದ್ದರು. 2012ರ ಮಾರ್ಚ್ ತಿಂಗಳಿನಲ್ಲಿ ಅವರ ತಂದೆಯವರು ಮನೆಯ ಮೂಲೆಯಲ್ಲಿ ದೊರೆತ ಪೆಟ್ಟಿಗೆಯೊಂದನ್ನು ಮಗನಿಗೆ ಕಳುಹಿಸಿದರು. ಅದರೊಳಗೆ ಆ ಫ್ಲಾಪಿಗಳಿದ್ದವು! ಇಪ್ಪತ್ತು ವರ್ಷ ಕಳೆದ ಅವುಗಳನ್ನು ಓದುವುದು ಸುಲಭವಾಗಿರಲಿಲ್ಲ. ಹಳೆಯ ಯಂತ್ರಗಳನ್ನು ಬಲ್ಲ ಇಬ್ಬರು ತಜ್ಞರು ಏಪ್ರಿಲ್ ತಿಂಗಳಿನಲ್ಲಿ ತಮ್ಮ ಸಾಧನಗಳೊಡನೆ ಬಂದು ಮೂಲಪಾಠವನ್ನು ಹೊರತೆಗೆದರು. ಮೆಕ್ನರ್ ಅದನ್ನು ಎಲ್ಲರೂ ಓದುವಂತೆ ಪ್ರಕಟಿಸಿದರು. ಪೆಟ್ಟಿಗೆ ಯಾರ ಕಣ್ಣಿಗೂ ಬೀಳದೆ ಹೋಗಿದ್ದರೆ, ಅಥವಾ ಗುಜರಿಗೆ ಸೇರಿದ್ದರೆ ಗತಿಯೇನಾಗುತ್ತಿತ್ತು?

ಇದಕ್ಕಿಂತಲೂ ಕಣ್ತೆರೆಸುವ ಸಂಗತಿಯೊಂದು ಬ್ರಿಟನ್ನಿನಲ್ಲಿ ನಡೆಯಿತು. 1086ರಲ್ಲಿ ಇಂಗ್ಲೆಂಡಿನ ದೊರೆ ಮೊದಲನೆಯ ವಿಲಿಯಂ ತನ್ನ ರಾಜ್ಯದ ಭೂಮಿ, ದನಕರು, ಒಕ್ಕಲುಗಳ ವಿವರಗಳನ್ನು ಬರೆಯಿಸಿದನು. ‘ಡೂಮ್ಸ್‌ಡೇ ಪುಸ್ತಕ’ವೆಂದು ಅದಕ್ಕೆ ಹೆಸರು. ಅದರ ಒಂಬೈನೂರನೆಯ ವರ್ಷದ ನೆನಪಿಗಾಗಿ 1986ರಲ್ಲಿ ಬಿ.ಬಿ.ಸಿ. ಸಂಸ್ಥೆಯು ಹೊಸ ಡೂಮ್ಸ್‌ಡೇ ಸಂಗ್ರಹವೊಂದನ್ನು ಸಿದ್ಧಪಡಿಸಿತು. ಸುಮಾರು ಹತ್ತು ಲಕ್ಷ ಜನ ಅದರಲ್ಲಿ ಪಾಲುಗೊಂಡರು. ಅವರಲ್ಲಿ ಬಹುಮಂದಿ ಶಾಲೆಯ ಮಕ್ಕಳು. ತಮ್ಮ ಊರು, ಅಂಗಡಿ, ಊಟ, ಆಟಗಳನ್ನು ಕುರಿತು ಅವರು ಬರೆದರು, ಚಿತ್ರಗಳನ್ನು ತೆಗೆದರು. ಇವೆಲ್ಲವನ್ನೂ ಅಂದಿನ ಅತ್ಯಾಧುನಿಕ ವಸ್ತುವಾದ ಲೇಸರ್ ಡಿಸ್ಕ್‌ಗಳಲ್ಲಿ ಅಚ್ಚೊತ್ತಲಾಯಿತು.

ಹದಿನೈದು ವರ್ಷ ಕಳೆಯುವಷ್ಟರಲ್ಲಿ ಆ ಡಿಸ್ಕ್‌ಗಳನ್ನು ಓದಬಲ್ಲ ಯಂತ್ರಗಳು ಅಪರೂಪವಾಗಿಬಿಟ್ಟವು. ತೊಗಲಿನ ಹಾಳೆಗಳ ಮೇಲೆ ಮಸಿಯಿಂದ ಬರೆದ ಒಂಬೈನೂರು ವರ್ಷಗಳ ಪುಸ್ತಕವನ್ನು ಇಂದಿಗೂ ಓದಬಹುದು. ಲೇಸರ್ ಡಿಸ್ಕಿನ ಮೇಲಿನ ಮಕ್ಕಳ ಬರಹ ಅವರು ದೊಡ್ಡವರಾಗುವ ವೇಳೆಗೆ ಕೈತಪ್ಪುವಂತಾಯಿತು. 2002ರಲ್ಲಿ ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ಸಂಶೋಧಕರು ಬಹಳ ಶ್ರಮದಿಂದ ಅದನ್ನು ಹೊಸ ಗಣಕದಲ್ಲಿ ನಡೆಸಿ ತೋರಿಸಿದರು. 2011ರಲ್ಲಿ ಬಿ.ಬಿ.ಸಿ.ಯು ಅದರ ಒಂದು ಭಾಗವನ್ನು ಅಂತರ್ಜಾಲದಲ್ಲಿ ಪ್ರಕಟಿಸಿತು. 2018ರಲ್ಲಿ ಆ ತಾಣವೂ ಮುಚ್ಚಿತು. ಅದರ ಪ್ರತಿಯೊಂದು ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದ ಸಂಗ್ರಹದಲ್ಲಿ ಉಳಿದುಕೊಂಡಿದೆ. ಒಮ್ಮೆ ಉಳಿಸಿದರೆ ಸಾಲದು, ಉಳಿಸುತ್ತಲೇ ಇರಬೇಕು ಎಂಬುದನ್ನು ಈ ಕಥೆ ತಿಳಿಸುತ್ತದೆ.

ಇವು ದೂರದ ದೇಶಗಳ ಮಾತುಗಳೆಂದು ಯಾರೂ ನಿಶ್ಚಿಂತರಾಗಬೇಕಾಗಿಲ್ಲ. ನನ್ನ ಮನೆಯ ಸಂಗತಿಯನ್ನೇ ಹೇಳುತ್ತೇನೆ. ನಮ್ಮ ತಾಯಿಯವರಿಗೆ ರಾಗಿ ಬೀಸುವ ಪದಗಳೂ ಸೋಬಾನೆ ಪದಗಳೂ ಬಹಳ ಬರುತ್ತಿದ್ದವು. 1997ರಲ್ಲಿ ನಾನು ಅವರ ಬಳಿ ಕುಳಿತು ನಲವತ್ತು ಪದಗಳನ್ನು ಬರೆದುಕೊಂಡೆ. ಆಗ ಹೊಸದಾಗಿ ಕಲಿತಿದ್ದ ಗಣಕದ ಮೇಲೆ ಅವನ್ನು ಕನ್ನಡದಲ್ಲಿ ಟೈಪು ಮಾಡಿ ಎರಡು ಫ್ಲಾಪಿಗಳಲ್ಲಿ ಇರಿಸಿದೆ. ಇನ್ನು ಇವು ಶಾಶ್ವತವೆಂದು ನಂಬಿ, ಕೈಬರಹದ ಹಾಳೆಗಳನ್ನು ಕಾಪಾಡಿಕೊಳ್ಳಲಿಲ್ಲ. ಕೆಲವು ವರ್ಷಗಳ ಮೇಲೆ ತಾಯಿ ತೀರಿಕೊಂಡರು. ಬಹುಕಾಲದ ಬಳಿಕ ಫ್ಲಾಪಿಗಳನ್ನು ಅಟ್ಟದಿಂದ ಇಳಿಸಿ ನೋಡಿದಾಗ ಒಂದಕ್ಕೆ ಬೂಷ್ಟು ಹಿಡಿದಿತ್ತು. ಇನ್ನೊಂದು ತೆರೆಯಿತು, ಆದರೆ ತೆರೆಯ ಮೇಲೆ ಕಂಡದ್ದು ಕನ್ನಡವಲ್ಲ. ಇಂಗ್ಲಿಷಿನ ಅಕ್ಷರಗಳೂ ಗುರುತಿಲ್ಲದ ಚಿಹ್ನೆಗಳೂ ಕಲಸಿಹೋದ ಸಾಲುಗಳು! ನಮ್ಮ ತಾಯಿಯ ಹಾಡು ನನ್ನ ಕಣ್ಣ ಮುಂದೆಯೇ ಇತ್ತು. ನಾನು ಅದನ್ನು ಓದಲಾರದವನಾಗಿದ್ದೆ.

ಹೀಗೇಕಾಯಿತು? ಗಣಕಕ್ಕೆ ಅಕ್ಷರಗಳು ತಿಳಿಯುವುದಿಲ್ಲ. ಅಂಕಿಗಳು ಮಾತ್ರ ತಿಳಿಯುತ್ತವೆ. ಯಾವ ಅಂಕಿಗೆ ಯಾವ ಅಕ್ಷರ ಎಂಬ ಒಪ್ಪಂದವನ್ನು ನಾವು ಮಾಡಿಕೊಂಡಿರುತ್ತೇವೆ. ಆ ಕಾಲದ ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಅಂಕಿಗಳಲ್ಲಿಯೇ ಕನ್ನಡದ ಅಕ್ಷರಭಾಗಗಳನ್ನು ಕೂರಿಸಿದ್ದವು. ಅದೂ ಒಂದೊಂದು ಒಂದೊಂದು ರೀತಿಯಲ್ಲಿ. ಬರೆದಾಗ ಬಳಸಿದ ಅಕ್ಷರವಿನ್ಯಾಸ, ಎಂದರೆ ಫಾಂಟ್, ಗಣಕದಲ್ಲಿ ಇಲ್ಲದಿದ್ದರೆ ಅಂಕಿಗಳು ತಮ್ಮ ಹಳೆಯ ಇಂಗ್ಲಿಷ್ ರೂಪಕ್ಕೆ ಮರಳುತ್ತವೆ. ಲೋಕದ ಎಲ್ಲ ಲಿಪಿಗಳಿಗೂ ಬೇರೆ ಬೇರೆ ಅಂಕಿಗಳನ್ನು ನೀಡುವ ‘ಯೂನಿಕೋಡ್’ ಎಂಬ ಏರ್ಪಾಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆಯಿತು. ಆದರೆ ಅದು ಬಳಕೆಗೆ ಬರಲು ಬಹಳ ಕಾಲ ಹಿಡಿಯಿತು. ಅದುವರೆಗೆ ಬರೆದ ಎಷ್ಟೋ ಕನ್ನಡ ಬರಹಗಳು ಹಳೆಯ ಫಾಂಟುಗಳಿಗೆ ಕಟ್ಟುಬಿದ್ದಿವೆ. ಕನ್ನಡದ ಉತ್ಸಾಹಿಗಳು ರಚಿಸಿ ಉಚಿತವಾಗಿ ಹಂಚಿದ ಪರಿವರ್ತಕ ತಂತ್ರಾಂಶಗಳಿಂದಾಗಿ ಅವುಗಳಲ್ಲಿ ಕೆಲವಕ್ಕೆ ಮುಕ್ತಿ ದೊರೆತಿದೆ. ನನ್ನ ಫ್ಲಾಪಿಗೂ ಹೊಂದುವ ಫಾಂಟನ್ನು ತರುಣ ಮಿತ್ರರೊಬ್ಬರು ಹುಡುಕಿಕೊಟ್ಟರು. ನಲವತ್ತು ಪದಗಳಲ್ಲಿ ಇಪ್ಪತ್ತೆರಡು ಮರಳಿ ಬಂದವು. ಉಳಿದ ಹದಿನೆಂಟು ಬಾರವು.

ಅಂದಿನಿಂದ ಹಳೆಯ ಆಟಗಳಿಗಾಗಿ ಹಂಬಲಿಸುವವರನ್ನು ಕಂಡು ನಾನು ನಗುವುದಿಲ್ಲ. ಹಾಡಾಗಲಿ ಆಟವಾಗಲಿ, ಗಣಕಕ್ಕೆ ಒಪ್ಪಿಸಿದ ಮೇಲೆ ಎರಡರ ಗತಿಯೂ ಒಂದೇ. ಅಮೆರಿಕದಲ್ಲಿ 2010ಕ್ಕೆ ಮೊದಲು ಪ್ರಕಟವಾದ ಗಣಕ ಆಟಗಳಲ್ಲಿ ನೂರಕ್ಕೆ ಎಂಬತ್ತೇಳು ಮಾರುಕಟ್ಟೆಯಲ್ಲಿ ದೊರೆಯುವುದಿಲ್ಲವೆಂದು ಅಲ್ಲಿಯ ‘ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್’ ಎಂಬ ಸಂಸ್ಥೆ 2023ರಲ್ಲಿ ತೋರಿಸಿಕೊಟ್ಟಿತು.

ಹೋದರೆ ಹೋಗಲಿ, ಮಕ್ಕಳ ಆಟಗಳನ್ನೆಲ್ಲ ಏಕೆ ಕೂಡಿಡಬೇಕು ಎಂದು ಕೇಳುವವರಿದ್ದಾರೆ. ಯಾವುದು ಉಳಿಯತಕ್ಕದ್ದು, ಯಾವುದು ಅಳಿಯತಕ್ಕದ್ದು ಎಂಬುದನ್ನು ಆಯಾ ಕಾಲದವರು ನಿರ್ಧರಿಸಲಾರರು ಎಂಬುದೇ ಅದಕ್ಕೆ ಉತ್ತರ. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದಾದ ‘ಕವಿರಾಜಮಾರ್ಗ’ವು ತನಗಿಂತ ಹಿಂದಿನ ಗದ್ಯಕಾರರೆಂದು ವಿಮಳ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದವರನ್ನು ಹೆಸರಿಸುತ್ತದೆ. ಅವರ ಕನ್ನಡ ಕೃತಿಗಳಲ್ಲಿ ಒಂದೂ ನಮಗೆ ಉಳಿದಿಲ್ಲ. ಅವು ಬೇಡವೆಂದು ಯಾರೂ ತೀರ್ಮಾನಿಸಿರಲಾರರು. ಪ್ರತಿಮಾಡುವವರು ಇಲ್ಲದಾದಾಗ ಗ್ರಂಥ ತಾನಾಗಿ ಅಳಿಯುತ್ತದೆ.

ಹಳೆಯ ತಂತ್ರಾಂಶಗಳನ್ನು ಉಳಿಸುವ ಮಾರ್ಗವೇನು? ಪೆಟ್ಟಿಗೆಯನ್ನು ಗಾಜಿನ ಬೀರುವಿನಲ್ಲಿ ಇಟ್ಟರೆ ಸಾಲದು. ವೀಣೆ ಮಿಡಿದಾಗಲೇ ವೀಣೆ; ಆಟ ಆಡಿದಾಗಲೇ ಆಟ. ಒಂದು ಮಾರ್ಗವೆಂದರೆ ಹಳೆಯ ಯಂತ್ರವನ್ನೇ ದುರಸ್ತಿಮಾಡಿ ನಡೆಸುವುದು. 1962ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ರಚಿತವಾದ ‘ಸ್ಪೇಸ್‌ವಾರ್’ ಎಂಬ ಆಟವನ್ನು ಕ್ಯಾಲಿಫೋರ್ನಿಯದ ಗಣಕ ಇತಿಹಾಸ ವಸ್ತುಸಂಗ್ರಹಾಲಯದವರು ಅದೇ ಮಾದರಿಯ ಹಳೆಯ ಗಣಕವನ್ನು ಜೀವಗೊಳಿಸಿ ಆಡಿತೋರಿಸಿದ್ದಾರೆ. ಆದರೆ ಎಲ್ಲ ಯಂತ್ರಗಳನ್ನೂ ಹೀಗೆ ಉಳಿಸಿಕೊಳ್ಳಲಾಗದು. ಇನ್ನೊಂದು ಮಾರ್ಗವೆಂದರೆ ಹೊಸ ಗಣಕವೇ ಹಳೆಯ ಗಣಕದ ವೇಷ ಧರಿಸುವಂತೆ ಮಾಡುವುದು. ಅಂಥ ತಂತ್ರಾಂಶಕ್ಕೆ ‘ಎಮ್ಯುಲೇಟರ್’ ಎಂದು ಹೆಸರು. 1997ರಲ್ಲಿ ಬಂದ ‘ಮೇಮ್’, 2002ರಲ್ಲಿ ಬಂದ ‘ಡಾಸ್‌ಬಾಕ್ಸ್’ ಇವು ಬಹುಮಟ್ಟಿಗೆ ಸಂಬಳವಿಲ್ಲದೆ ದುಡಿದ ಆಸಕ್ತರ ಕೊಡುಗೆಗಳು. ನನ್ನ ಅಕ್ಕನ ಮಗ ಆ ರಾತ್ರಿ ಆಡುತ್ತಿದ್ದುದೂ ಇಂಥ ವೇಷಧಾರಿ ತಂತ್ರಾಂಶದ ನೆರವಿನಿಂದಲೇ.

ಈ ಕಾರ್ಯಕ್ಕೆ ಕಾನೂನಿನ ತೊಡಕೊಂದುಂಟು. ನಮ್ಮ ದೇಶದ ಕೃತಿಸ್ವಾಮ್ಯ ಕಾಯಿದೆಯು ತಂತ್ರಾಂಶವನ್ನು ಸಾಹಿತ್ಯಕೃತಿಯೆಂದೇ ಪರಿಗಣಿಸುತ್ತದೆ. ಕರ್ತೃವಿನ ಮರಣದ ನಂತರ ಅರವತ್ತು ವರ್ಷಗಳವರೆಗೆ ಹಕ್ಕನ್ನು ಕಾಪಾಡುತ್ತದೆ. ದುಡಿದವನಿಗೆ ಪ್ರತಿಫಲ ದೊರೆಯಬೇಕೆಂಬ ಈ ನಿಯಮ ನ್ಯಾಯವಾದುದು. ಮಾರಾಟದಲ್ಲಿರುವ ಆಟವನ್ನು ಕದ್ದು ಪ್ರತಿಮಾಡುವುದು ಕಳ್ಳತನವೇ ಸರಿ. ಹಂಬಲದ ಹೆಸರಿನಲ್ಲಿ ಅದನ್ನು ಸಮರ್ಥಿಸಲಾಗದು. ಆದರೆ ಯಾರೂ ಮಾರದ, ಯಾರೂ ಕೊಳ್ಳಲಾಗದ, ಒಡೆಯರೇ ಮರೆತ ಕೃತಿಗಳ ವಿಷಯವೇನು? ಹಕ್ಕಿನ ಆಯುಷ್ಯ ನೂರು ವರ್ಷಕ್ಕೆ ಸಮೀಪ; ಫ್ಲಾಪಿಯ ಆಯುಷ್ಯ ಅದರ ಕಾಲುಭಾಗವೂ ನಿಲ್ಲುವ ಭರವಸೆಯಿಲ್ಲ. ಬಾಗಿಲು ತೆರೆಯುವ ವೇಳೆಗೆ ಒಳಗಿನ ವಸ್ತು ಧೂಳಾಗಿರುತ್ತದೆ. ಮಾರುಕಟ್ಟೆಯಿಂದ ಮರೆಯಾದ ಆಟಗಳನ್ನು ಸಂಶೋಧಕರು ದೂರದಿಂದಲೇ ನೋಡಲು ಗ್ರಂಥಾಲಯಗಳು ಅವಕಾಶ ನೀಡಬಹುದೇ ಎಂಬ ಕೋರಿಕೆಯನ್ನು ಅಮೆರಿಕದ ಕೃತಿಸ್ವಾಮ್ಯ ಕಚೇರಿ 2024ರಲ್ಲಿ ತಳ್ಳಿಹಾಕಿತು. ಇದು ದೂರದೃಷ್ಟಿಯ ತೀರ್ಮಾನವಲ್ಲವೆಂಬುದು ನನ್ನ ಅಭಿಪ್ರಾಯ. ಅಂಗಡಿ ಬೇರೆ, ಗ್ರಂಥಾಲಯ ಬೇರೆ. ಲಾಭಕ್ಕಾಗಿಯಲ್ಲದೆ ಕಾಪಾಡುವುದಕ್ಕಾಗಿ ಪ್ರತಿಮಾಡುವ ಸಂಸ್ಥೆಗಳಿಗೆ ಕಾನೂನು ದಾರಿ ಬಿಡಬೇಕು.

ಕನ್ನಡಿಗರಿಗೆ ಈ ಮಾತು ಹೊಸದಾಗಬಾರದು. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ನಾವೆಲ್ಲರೂ ಓದಿದ್ದೇವೆ. ಗ್ರಂಥವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದು ರಕ್ಷಣೆಯಲ್ಲ, ಹಲವರ ಕೈಗೆ ತಲಪಿಸುವುದೇ ರಕ್ಷಣೆ ಎಂಬುದನ್ನು ಆ ಮಹಾತಾಯಿ ಬಲ್ಲವಳಾಗಿದ್ದಳು. ಓಲೆಗರಿಯ ಕಾಲಕ್ಕೆ ನಿಜವಾಗಿದ್ದ ಈ ಮಾತು ಗಣಕದ ಕಾಲಕ್ಕೆ ಇನ್ನೂ ಹೆಚ್ಚು ನಿಜ.

ವಿದ್ಯಾರ್ಥಿಗಳು ಇಂದು ಆಡುತ್ತಿರುವ ಆಟಗಳೂ ಬರೆಯುತ್ತಿರುವ ಬರಹಗಳೂ ತೆಗೆಯುತ್ತಿರುವ ಚಿತ್ರಗಳೂ ನಾಳೆಗೆ ಹಳೆಯವಾಗುತ್ತವೆ. ಎಲ್ಲವನ್ನೂ ಕೂಡಿಡಬೇಕೆಂದು ಯಾರೂ ಹೇಳಲಾರರು. ಆದರೆ ನಿಮಗೆ ಬೆಲೆಯುಳ್ಳದ್ದು ಯಾವುದೋ ಅದರ ಪ್ರತಿ ಒಂದೇ ಕಡೆ ಇರದಂತೆ ನೋಡಿಕೊಳ್ಳಿರಿ. ಕೆಲವು ವರ್ಷಗಳಿಗೊಮ್ಮೆ ತೆರೆದು ನೋಡಿರಿ. ಹೊಸ ಸಾಧನಕ್ಕೆ ವರ್ಗಾಯಿಸಿರಿ. ಮನೆಯ ಹಿರಿಯರ ಬಳಿ ಹಳೆಯ ಫ್ಲಾಪಿಗಳೋ ಡಿಸ್ಕ್‌ಗಳೋ ಇದ್ದರೆ ಬಿಸಾಡುವ ಮೊದಲು ಅವುಗಳಲ್ಲಿ ಏನಿದೆಯೆಂದು ಕೇಳಿರಿ. ಕೈಬರಹದ ಹಾಳೆಯನ್ನಂತೂ ಎಂದಿಗೂ ಎಸೆಯಬೇಡಿರಿ.

ಸಂಕ್ರಾಂತಿಯಂದು ಅಕ್ಕನ ಮಗನ ಸಂಸಾರ ನಮ್ಮ ಮನೆಗೆ ಬಂದಿತ್ತು. ಮಾಯಾಕನ್ನಡಿಯ ಕಥೆಯನ್ನೂ ನೆರಳಿನ ಕಥೆಯನ್ನೂ ನಾನು ಆ ಹುಡುಗಿಗೆ ಹೇಳಿದೆ. ಅವಳು ಕೇಳಿ ಸುಮ್ಮನಾದಳು. ಸಂಜೆ ನೋಡಿದರೆ ಅಪ್ಪನ ಗಣಕದ ಮುಂದೆ ಅವಳೇ ಕುಳಿತಿದ್ದಳು. ರಾಜಕುಮಾರ ಮುಳ್ಳುಗಳ ಮೇಲೆ ಬಿದ್ದು ಬಿದ್ದು ಏಳುತ್ತಿದ್ದ. “ತಾತ, ಆ ಕನ್ನಡಿ ಇನ್ನೂ ಎಷ್ಟು ದೂರ?” ಎಂದು ತಿರುಗಿ ನೋಡದೆ ಕೇಳಿದಳು. ಅವಳ ಅ‌ಪ್ಪ ಪಕ್ಕದಲ್ಲಿ ಕುಳಿತು ದಾರಿ ಹೇಳಿಕೊಡುತ್ತಿದ್ದನು.